ಹನ್ನೊಂದು ದಿನದಲ್ಲಿ ಸರಿಹೋದ ದವಡೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ದಂತ ಆಸ್ಪತ್ರೆಯ ವೈದ್ಯರೇ, ದಾದಿಯರೇ, ವಿದ್ಯಾರ್ಥಿಗಳೇ, ಇಂದಿನ ಸನ್ಮಾನಿತರೂ ನನ್ನ ಅಪ್ಪನೂ ಆದ ಹಿರಿಯ ಡಾಕ್ಟರೇ, ಮತ್ತು ಒಂದಲ್ಲ ಒಂದು ದಿನ ಇವರ ಎದುರು ಬಾಯಿ ತೆರೆದು ಕೂತಿದ್ದ ಸಭಿಕರೇ,

ಎಲ್ಲರಿಗೂ ನನ್ನ ವಂದನೆಗಳು. ನನಗೆ ಕೊಟ್ಟಿರುವುದು ಐದು ನಿಮಿಷ. ನಮ್ಮ ಮನೆಯವರ ಐದು ನಿಮಿಷ ಎಷ್ಟು ಉದ್ದ ಎಂಬುದು ಅಪ್ಪನ ಭಾಷಣ ಕೇಳಿದ ಯಾರಿಗಾದರೂ ಗೊತ್ತು. ಗೊತ್ತಿದ್ದೂ ಸಂಘಟಕರು ನನ್ನನ್ನು ಕರೆದಿದ್ದಾರೆ, ಆದ್ದರಿಂದ ತಪ್ಪು ಅವರದು.

ನಾನು ವೈದ್ಯೆಯಲ್ಲ. ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಹಾಗಿದ್ದರೂ ಈ ವೇದಿಕೆಗೆ ನನ್ನನ್ನು ಯಾಕೆ ಹತ್ತಿಸಿದ್ದಾರೆ? ಮಗಳೆಂದೇ? ಅಲ್ಲ. ಮಗಳೆಂದು ಕರೆದಿದ್ದರೆ ಹೂಗುಚ್ಛ ಕೊಡಿಸಿ ಕೆಳಗೆ ಕೂರಿಸುತ್ತಿದ್ದರು. ನನ್ನನ್ನು ಕರೆದದ್ದು ನಾನು ಪ್ರಕರಣ ಸಂಖ್ಯೆ ಇಪ್ಪತ್ತೇಳು ಎಂಬ ಕಾರಣಕ್ಕೆ. ಈ ಸಭಾಂಗಣದಲ್ಲಿರುವ ಅರ್ಧ ಜನಕ್ಕೆ ನನ್ನ ಮುಖದ ಪರಿಚಯವಿಲ್ಲ, ಆದರೆ ನನ್ನ ಹಲ್ಲುಗಳ ಪರಿಚಯ ಚೆನ್ನಾಗಿಯೇ ಇದೆ. ಇಲ್ಲಿಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನನ್ನ ಏಳನೇ ವಯಸ್ಸಿನ ಬಾಯಿಯ ಸುಣ್ಣದಚ್ಚನ್ನು ನೋಡಿ ಟಿಪ್ಪಣಿ ಬರೆದುಕೊಂಡಿರುತ್ತಾರೆ. ಇವತ್ತು ಆ ಪೆಟ್ಟಿಗೆಯನ್ನು ವೇದಿಕೆಗೇ ತಂದಿಟ್ಟಿದ್ದಾರೆ, ಇಗೋ, ನನ್ನ ಎಡಕ್ಕೆ.

ನಿರೂಪಕರು ನಾನು ಓದಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದಾರೆ. "ನನ್ನ ಕೆಳದವಡೆ ಮುಂದಕ್ಕೆ ಬಂದಿತ್ತು. ಬರಿಯ ಒಂದು ಮರದ ಕಡ್ಡಿಯಿಂದ ಹನ್ನೊಂದೇ ದಿನದಲ್ಲಿ ನನ್ನ ತಂದೆ ಅದನ್ನು ಸರಿಪಡಿಸಿದರು. ತಂದೆ ತಾಯಿಯರೇ, ತಡ ಮಾಡಬೇಡಿ." ಇಷ್ಟು ಓದಿ, ನಕ್ಕು, ಹಲ್ಲು ತೋರಿಸಿ, ಇಳಿದುಬಿಡಬೇಕಂತೆ. ಇದೇ ಮಾತು ಇಂದು ಬಿಡುಗಡೆಯಾಗಲಿರುವ ಅಪ್ಪನ ಪುಸ್ತಿಕೆಯ ಐದನೇ ಪುಟದಲ್ಲಿದೆ. ನಾಳೆ ಆ ಪುಸ್ತಿಕೆ ಊರಿನ ಪ್ರತಿಯೊಂದು ಶಾಲೆಗೂ ಹೋಗುತ್ತದೆ.

ಸಭಿಕರೇ, ಪುಸ್ತಿಕೆಯ ಉಳಿದ ಮೂವತ್ತೊಂದು ಪುಟಗಳನ್ನು ಕಣ್ಣಿಗೊತ್ತಿಕೊಳ್ಳಿ. ಐದನೇ ಪುಟ ಮಾತ್ರ ಸುಳ್ಳು. ಹೇಳಿದವಳು ನಾನು. ಆಗ ನನಗೆ ಏಳು ವರ್ಷ. ಅಪ್ಪನಿಗೆ ಈ ವಿಷಯ ಗೊತ್ತಿಲ್ಲ, ಅಂದರೆ ಹತ್ತು ಸೆಕೆಂಡಿನ ಹಿಂದಿನವರೆಗೂ ಗೊತ್ತಿರಲಿಲ್ಲ. ಹಿಂದೆ ಬಾಗಿಲ ಬಳಿ ಪುಸ್ತಿಕೆಯ ಕಟ್ಟು ಬಿಚ್ಚುತ್ತಿರುವ ಸ್ವಯಂಸೇವಕರು ದಯವಿಟ್ಟು ಕತ್ತರಿ ಕೆಳಗಿಡಬೇಕು. ಅಧ್ಯಕ್ಷರು ಗಡಿಯಾರ ನೋಡುವುದನ್ನು ನಿಲ್ಲಿಸಿದ್ದಾರೆ, ಅದಕ್ಕಾಗಿ ಅವರಿಗೆ ನನ್ನ ಧನ್ಯವಾದ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯ ಮುಂದಿನ ಕೋಣೆಯೇ ಆಗ ಅಪ್ಪನ ಕ್ಲಿನಿಕ್ಕು. ನಡುವೆ ಒಂದು ಬಾಗಿಲು. ಬಾಗಿಲ ಆಚೆ ಅಪ್ಪ, ಈಚೆ ನಾವು. ಹಲ್ಲು ವಕ್ರವಾದ ಮಕ್ಕಳು ಆಚೆ ಹೋಗುತ್ತಿದ್ದರು. ಅಪ್ಪ ಎರಡೂ ಕೈಯಲ್ಲಿ ಅವರ ಮುಖ ಹಿಡಿದುಕೊಂಡು, ಮೂಗಿಗೆ ಮೂಗು ತಗುಲುವಷ್ಟು ಹತ್ತಿರ ಬಗ್ಗಿ, "ಆ... ಇನ್ನೂ ಅಗಲ... ಶಭಾಷ್, ನನ್ನ ರಾಜ!" ಎನ್ನುತ್ತಿದ್ದರು. ಬೀದಿಯಲ್ಲಿ ಯಾವ ಮಗು ಸಿಕ್ಕರೂ ಹೆಸರು ನೆನಪಾಗುತ್ತಿರಲಿಲ್ಲ, "ಎಲ್ಲಿ, ನಗು ನೋಡೋಣ" ಅಂದು ಹಲ್ಲು ನೋಡಿದ ಕೂಡಲೇ ಅದರ ಕುಲಗೋತ್ರವೆಲ್ಲ ಹೇಳುತ್ತಿದ್ದರು. ಅದೇ ಅಪ್ಪ ಊಟಕ್ಕೆ ಕೂತಾಗ ನನ್ನನ್ನು ಕೇಳುತ್ತಿದ್ದುದು ಏನು? "ಮರಿ, ನೀನೀಗ ಎರಡನೇ ಕ್ಲಾಸೋ, ಮೂರನೇ ಕ್ಲಾಸೋ?"

ನನ್ನ ಹಲ್ಲು ಚೆನ್ನಾಗಿದ್ದವು. ನನ್ನ ದುರದೃಷ್ಟ ಅಲ್ಲಿಂದಲೇ ಶುರು. ಆರು ತುಂಬಿದಾಗ ಅಪ್ಪ ಒಂದು ಸಲ ನೋಡಿದರು. ಅರ್ಧ ನಿಮಿಷವೂ ಆಗಲಿಲ್ಲ. "ಚೆನ್ನಾಗಿದೆ, ಹೋಗು" ಅಂದರು. ನಮ್ಮಣ್ಣ ಹೆಬ್ಬೆರಳು ಚೀಪಿ ಚೀಪಿ ಮೇಲಿನ ಹಲ್ಲು ಮುಂದೆ ತಂದುಕೊಂಡು, ಎಂಟು ತಿಂಗಳು ಅಪ್ಪನ ಕುರ್ಚಿಯಲ್ಲಿ ಮಹಾರಾಜನ ಹಾಗೆ ಮಲಗಿದ್ದ. ನಾನು ಶಿಸ್ತಾಗಿ ಬೆಳೆದೆ, ನನಗೆ "ಹೋಗು" ಸಿಕ್ಕಿತು. ಹೊಟ್ಟೆಕಿಚ್ಚು ಎಂದರೆ ಏನು ಎಂದು ನನ್ನ ತರಗತಿಯ ಮಕ್ಕಳು ಕೇಳಿದರೆ ನಾನು ಈಗಲೂ ಅಣ್ಣನ ಹೆಬ್ಬೆರಳನ್ನೇ ಉದಾಹರಣೆ ಕೊಡುತ್ತೇನೆ.

ಶನಿವಾರ ಅಪ್ಪ ಆ ಕೋಣೆಯಲ್ಲಿ ನಾಲ್ಕಾರು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಸುಣ್ಣದಚ್ಚುಗಳನ್ನು ಒಣಗಲು ಇಡುತ್ತಿದ್ದ ಮೇಜಿನ ಅಡಿಯಲ್ಲಿ ನಾನು ಕೂತು ಮನೆಪಾಠ ಬರೆಯುತ್ತಿದ್ದೆ. ಅಲ್ಲಿಯೇ ನಾನು ಉಲ್ಟಾ ಕಚ್ಚಿನ ಬಗ್ಗೆ ಕೇಳಿದ್ದು. ಸಾಮಾನ್ಯವಾಗಿ ಮೇಲಿನ ಮುಂದಿನ ಹಲ್ಲು ಕೆಳಗಿನದನ್ನು ಸ್ವಲ್ಪ ಮುಚ್ಚಿರುತ್ತದೆ. ಕೆಲವು ಮಕ್ಕಳಲ್ಲಿ ಕೆಳಗಿನದೇ ಮುಂದೆ ಬಂದು ಮೇಲಿನದನ್ನು ಮುಚ್ಚುತ್ತದೆ. ಅದೇ ಉಲ್ಟಾ ಕಚ್ಚು. "ಇದನ್ನ ಏಳೆಂಟು ವರ್ಷಕ್ಕೇ ಹಿಡೀಬೇಕು. ಎಳೆ ಮೂಳೆ ನಮ್ಮ ಮಾತು ಕೇಳತ್ತೆ. ಬಲಿತ ಮೂಳೆ ಯಾರ ಮಾತೂ ಕೇಳಲ್ಲ" ಎಂದು ಅಪ್ಪ ಮೇಜು ಕುಟ್ಟಿ ಹೇಳುತ್ತಿದ್ದರು. ನನ್ನ ತಲೆಯ ಮೇಲೆ ಅಚ್ಚುಗಳು ಟಕಟಕ ಎನ್ನುತ್ತಿದ್ದವು.

ಆದರೆ ಕೆಲವು ಮಕ್ಕಳು ಸುಮ್ಮನೆ ಅಭ್ಯಾಸಕ್ಕೆ ದವಡೆ ಮುಂದೆ ತಂದುಕೊಂಡಿರುತ್ತಾರೆ, ನಿಜವಾದ ದೋಷ ಇರುವುದಿಲ್ಲ. ಅಂಥವರನ್ನು ಹಿಡಿಯುವುದು ಹೇಗೆ? ಅಪ್ಪ ಎರಡು ಪರೀಕ್ಷೆ ಹೇಳಿಕೊಟ್ಟರು. ಒಂದು, ಗದ್ದದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿ ನೋಡುವುದು. ಇನ್ನೊಂದು, "ಉಗುಳು ನುಂಗಿ ಕಚ್ಚು ಅನ್ನಿ. ನುಂಗುವಾಗ ದವಡೆ ತಾನಾಗೇ ತನ್ನ ಜಾಗಕ್ಕೆ ಹೋಗತ್ತೆ. ಮಕ್ಕಳು ಸುಳ್ಳು ಹೇಳ್ತಾರೆ, ಕಚ್ಚು ಹೇಳಲ್ಲ." ವಿದ್ಯಾರ್ಥಿಗಳು ಬರೆದುಕೊಂಡರು. ಮೇಜಿನ ಅಡಿಯಲ್ಲಿ ನಾನೂ ಬರೆದುಕೊಂಡೆ.

ಮೂರು ವಾರ ಅಮ್ಮನ ಬೀರುವಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ದವಡೆ ಮುಂದಿಟ್ಟು ಮಾತಾಡುವುದು ಮೂರೇ ದಿನಕ್ಕೆ ಬಂತು. ಗದ್ದ ತಳ್ಳಿದರೂ ಬಗ್ಗದ ಹಾಗೆ ಕತ್ತು ಬಿಗಿಹಿಡಿಯುವುದು ಒಂದು ವಾರಕ್ಕೆ ಬಂತು. ದವಡೆ ಮುಂದೆ ಇಟ್ಟುಕೊಂಡೇ ಉಗುಳು ನುಂಗುವುದು ಇದೆಯಲ್ಲ, ಅದು ತಪಸ್ಸು. ಎಷ್ಟು ಲೋಟ ನೀರು ನನ್ನ ಅಂಗಿಯ ಮೇಲೆ ಹೋಯಿತೋ ಲೆಕ್ಕವಿಲ್ಲ. ನನಗೆ ಕಾಣುತ್ತಿದೆ, ಈಗ ಈ ಸಭಾಂಗಣದಲ್ಲಿ ಬಹಳ ಜನ ಪ್ರಯತ್ನಿಸುತ್ತಿದ್ದೀರಿ. ಮುಖ್ಯ ಅತಿಥಿಗಳು ಕೂಡ. ಕಷ್ಟ, ಅಲ್ಲವೇ?

ತಯಾರಾದ ಮೇಲೆ ತಿಂಡಿಯ ಹೊತ್ತಿಗೆ ಅಪ್ಪನ ಎದುರು ಕೂತೆ. ಅಪ್ಪ ಪತ್ರಿಕೆಯ ಹಿಂದೆ ಇದ್ದರು. ಮೊದಲ ದಿನ ನೋಡಲಿಲ್ಲ. ಎರಡನೇ ದಿನ, ಮೂರನೇ ದಿನ ನೋಡಲಿಲ್ಲ. ನನ್ನ ದವಡೆ ನೋಯುತ್ತಿತ್ತು. ನಾಲ್ಕನೇ ದಿನ ಪತ್ರಿಕೆ ಮಡಿಸಿ ಕಾಫಿ ಎತ್ತಿದವರು ನನ್ನನ್ನು ನೋಡಿದರು. ಲೋಟ ಅರ್ಧಕ್ಕೇ ನಿಂತಿತು.

"ಕಚ್ಚು" ಅಂದರು. ಕಚ್ಚಿದೆ.

"ಉಗುಳು ನುಂಗಿ ಕಚ್ಚು." ನುಂಗಿ ಕಚ್ಚಿದೆ.

ಗದ್ದದ ಮೇಲೆ ಹೆಬ್ಬೆರಳಿಟ್ಟು ತಳ್ಳಿದರು. ನಾನು ಕಂಬದ ಹಾಗೆ ಅಲುಗದೆ ಕೂತೆ. "ಇದು ಯಾವಾಗಿಂದ?" ಎಂದು ಕೇಳುವಾಗ ಅವರ ಕೈ ನಡುಗುತ್ತಿತ್ತು. ನನಗೋ, ಸಂತೋಷಕ್ಕೆ ನಡುಗುತ್ತಿದೆ ಎಂದೇ ಅನ್ನಿಸಿತು. ಕೊನೆಗೂ ಅಪ್ಪನಿಗೆ ತಕ್ಕ ಮಗಳಾದೆ ಎಂದು ಎದೆಯುಬ್ಬಿಸಿಕೊಂಡು ಆ ಬಾಗಿಲು ದಾಟಿ ಕುರ್ಚಿ ಹತ್ತಿದೆ.

ಅಳತೆ ತೆಗೆದರು. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು, ಬಾಯಿ ತುಂಬಾ ಗುಲಾಬಿ ಬಣ್ಣದ ಹಿಟ್ಟು. ಆಮೇಲೆ ಬಿಸಿ ಮಾಡಿದ ಮೇಣದ ಹಾಳೆ ಕೊಟ್ಟು ಕಚ್ಚಿಸಿದರು. ವಿದ್ಯಾರ್ಥಿಗಳಿಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಎರಡು ಸುಣ್ಣದಚ್ಚುಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು ಎಂಬುದನ್ನು ಹೇಳುವುದು ಆ ಮೇಣ. ಮಗು ಮೇಣವನ್ನು ಹೇಗೆ ಕಚ್ಚಿದೆಯೋ ಅಚ್ಚುಗಳು ಹಾಗೇ ಕೂರುತ್ತವೆ. ನಾನು ಮೇಣವನ್ನೂ ದವಡೆ ಮುಂದಿಟ್ಟೇ ಕಚ್ಚಿದೆ.

ಅಚ್ಚು ಎರೆಯುತ್ತಿದ್ದವರನ್ನು ನಾವು ಅಚ್ಚಿನ ಮಾಮ ಎನ್ನುತ್ತಿದ್ದೆವು. ಅವರು ನನ್ನ ಎರಡು ಅಚ್ಚುಗಳನ್ನು ಕೈಯಲ್ಲಿ ಹಿಡಿದು ಒಂದು ಸಲ ಮೇಣವಿಲ್ಲದೆ ಕೂರಿಸಿದರು, ಒಂದು ಸಲ ಮೇಣವಿಟ್ಟು ಕೂರಿಸಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮರಿ, ನಿನ್ನ ಹಲ್ಲು ಒಂದು ಹೇಳ್ತಿದೆ, ಮೇಣ ಇನ್ನೊಂದು ಹೇಳ್ತಿದೆ."

"ಮೇಣ ಹೇಳಿದ ಹಾಗೇ ಮಾಡಿ ಮಾಮ" ಅಂದೆ.

ಪಾಪ, ಅವರು ಅಪ್ಪನ ಹತ್ತಿರ ಹೋಗಿ, "ಡಾಕ್ಟ್ರೇ, ಈ ಮೇಣ ಸ್ವಲ್ಪ..." ಎಂದು ರಾಗ ಎಳೆದರು. "ಮೇಣದ ಮೇಲೇ ಅನುಮಾನ ಪಟ್ರೆ ನಾವು ಬಾಗಿಲು ಹಾಕ್ಕೊಂಡು ಹೋಗ್ಬೇಕಷ್ಟೆ" ಅಂದರು ಅಪ್ಪ. ಆ ಕ್ಲಿನಿಕ್ಕಿನಲ್ಲಿ ಮೇಣವೇ ಕೊನೆಯ ಮಾತು. ಅಚ್ಚಿನ ಮಾಮ ಎರಡೂ ಅಚ್ಚನ್ನು ಮೇಣ ಹೇಳಿದಂತೆ ಜೋಡಿಸಿ, ಮೇಣದ ಸಮೇತ ಸೇರಿಸಿ ಕಟ್ಟಿ, ಇಪ್ಪತ್ತೇಳು ಎಂದು ಬರೆದಿಟ್ಟರು. ಮುಂದೆ ಅದು ಗಾಜಿನ ಪೆಟ್ಟಿಗೆ ಸೇರಿದಾಗ ಅಪ್ಪ ಮುಟ್ಟಬಾರದು ಎಂದು ಬೋರ್ಡು ಹಾಕಿದರು. ಅಂದಿನಿಂದ ಯಾರೂ ಮುಟ್ಟಲಿಲ್ಲ.

ದವಡೆಯ ಪೂರ್ತಿ ಎಕ್ಸ್‌ರೇ ತೆಗೆಯುವ ಯಂತ್ರ ಆಗ ಇದ್ದದ್ದು ದೊಡ್ಡಾಸ್ಪತ್ರೆಯಲ್ಲಿ ಮಾತ್ರ. ಹನ್ನೆರಡನೇ ದಿನಕ್ಕೆ ಸರದಿ ಸಿಕ್ಕಿತು. ಅಲ್ಲಿಯವರೆಗೆ ಸುಮ್ಮನಿರುವುದು ಅಪ್ಪನಿಂದ ಆಗುತ್ತದೆಯೇ? ಡಾಕ್ಟರುಗಳು ನಾಲಿಗೆ ಒತ್ತಿ ಗಂಟಲು ನೋಡುವ ಚಪ್ಪಟೆ ಮರದ ಕಡ್ಡಿ ತಂದರು. ಅದರ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂದೆ ಇಟ್ಟು, ಕೆಳಗಿನ ಹಲ್ಲಿನ ಮೇಲೆ ಆನಿಸಿ, ಕಚ್ಚಿ ಹಿಡಿಯಬೇಕು. ದಿನಾ ಸಂಜೆ ಆರು ಗಂಟೆಗೆ. ಅಪ್ಪ ಕ್ಲಿನಿಕ್ಕಿನ ಬೋರ್ಡು ತಿರುಗಿಸಿ, ಬಾಗಿಲು ಹಾಕಿ, ಎರಡು ಸ್ಟೂಲು ಎದುರುಬದುರು ಹಾಕುತ್ತಿದ್ದರು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಅಪ್ಪ. ಮುಕ್ಕಾಲು ಗಂಟೆ. ನನ್ನ ಬಾಯಲ್ಲಿ ಕಡ್ಡಿ, ಮಾತಾಡುವ ಹಾಗಿಲ್ಲ. ಆದ್ದರಿಂದ ಅಪ್ಪನೇ ಮಾತಾಡಬೇಕಾಯಿತು.

ನಿಮ್ಮಲ್ಲಿ ಎಷ್ಟು ಮಂದಿಗೆ ನಿಮ್ಮ ಅಪ್ಪ ಎದುರಿಗೆ ಕೂತು ಮುಕ್ಕಾಲು ಗಂಟೆ ಮಾತಾಡಿದ್ದು ನೆನಪಿದೆ? ಬೈದದ್ದು ಲೆಕ್ಕಕ್ಕಿಲ್ಲ. ನನಗೆ ಹನ್ನೊಂದು ಸಂಜೆ ಸಿಕ್ಕಿತು. ಅದನ್ನು ಈ ಹೊತ್ತಿಗೂ ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಮೊದಲ ಮೂರು ದಿನ ಮೂಳೆ, ಬೇರು, ವಸಡು ಎಂದು ಪಾಠ ಮಾಡಿದರು. ನಾಲ್ಕನೇ ದಿನ ಪಾಠ ಮುಗಿದುಹೋಯಿತು. ಆಗ ತಮ್ಮ ಕಥೆ ತೆಗೆದರು. ಇದನ್ನು ಇಲ್ಲಿ ಹೇಳಬಾರದೇನೋ, ಆದರೆ ಇಷ್ಟು ಹೇಳಿ ಇದೊಂದನ್ನು ನುಂಗಿಕೊಂಡರೆ ಉಳಿದದ್ದು ಅರ್ಥವಾಗುವುದಿಲ್ಲ. ಅಪ್ಪನ ಗಡ್ಡ ಎಲ್ಲರಿಗೂ ಗೊತ್ತು. ಅಪ್ಪ ವಿದ್ವಾಂಸರಾಗಿ ಕಾಣಲು ಗಡ್ಡ ಬಿಟ್ಟಿದ್ದಾರೆ ಎಂದು ಸ್ವಾಗತ ಭಾಷಣದವರು ಹೊಗಳಿದರು. ಅಲ್ಲ, ಸ್ವಾಮಿ. ಆ ಗಡ್ಡದ ಕೆಳಗೆ ಉಲ್ಟಾ ಕಚ್ಚಿನ ದವಡೆಯಿದೆ. ಶಾಲೆಯಲ್ಲಿ ಅಪ್ಪನಿಗೆ 'ಮೇಜಿನ ಖಾನೆ' ಎಂದು ಅಡ್ಡಹೆಸರು. ಎಳೆದ ಖಾನೆಯನ್ನು ಮುಚ್ಚುವ ಹಾಗೆ, ಎದುರಿಗೆ ಬಂದವರೆಲ್ಲ ಗದ್ದವನ್ನು ಒಳಕ್ಕೆ ತಳ್ಳಿ ಹೋಗುತ್ತಿದ್ದರಂತೆ. ತಾತ ಮಾತ್ರ, "ಗಂಡುಹುಡುಗ, ಗದ್ದ ಮುಂದಿದ್ರೆ ಏನಂತೆ" ಎಂದು ಸುಮ್ಮನಿದ್ದರಂತೆ. ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪ ತಾವಾಗಿಯೇ ಒಬ್ಬ ಡಾಕ್ಟರ ಹತ್ತಿರ ಹೋದರು. "ಏಳೆಂಟು ವರ್ಷಕ್ಕೆ ಬಂದಿದ್ರೆ ನೋಡಬಹುದಿತ್ತು. ಈಗ ದವಡೆ ಕುಯ್ಯಬೇಕಾಗತ್ತೆ" ಅಂದರಂತೆ ಅವರು. ಅಪ್ಪ ಕುಯ್ಯಿಸಿಕೊಳ್ಳಲಿಲ್ಲ, ಗಡ್ಡ ಬಿಟ್ಟರು. ಆಮೇಲೆ ಈ ವಿದ್ಯೆಯನ್ನೇ ಕಲಿಯಲು ಹೊರಟರು.

ಅಮ್ಮ, ಮೊದಲ ಸಾಲಿನಲ್ಲಿ ಪುಸ್ತಿಕೆಯ ಹಿಂದೆ ಮುಖ ಮುಚ್ಚಿಕೊಂಡು ಪ್ರಯೋಜನವಿಲ್ಲ. ಏಳಬೇಡ, ಕೂತುಕೋ, ನಿನ್ನ ಸರದಿಯೂ ಬರುತ್ತದೆ.

ಹತ್ತನೇ ಸಂಜೆ ಅಪ್ಪ ತಮ್ಮ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನನ್ನ ಗದ್ದ ಹಿಡಿದುಕೊಂಡು, "ನಂದನ್ನ ನಿಂಗೆ ಕೊಟ್ಟುಬಿಟ್ನಲ್ಲಾ ಮರಿ" ಅಂದರು. ಇಂಥ ದವಡೆ ವಂಶದಲ್ಲಿ ಇಳಿದು ಬರುತ್ತದೆ ಎಂಬುದು ನನಗೆ ಮೇಜಿನ ಅಡಿಯ ಪಾಠದಿಂದ ಗೊತ್ತಿತ್ತು. ಆದರೆ ಅದು ಯಾರ ವಂಶ ಎಂದು ನಾನು ಯೋಚಿಸಿರಲಿಲ್ಲ. ಅವತ್ತು ತಿಂಡಿಯ ಮೇಜಿನಲ್ಲಿ ಅಪ್ಪನ ಕೈ ಯಾಕೆ ನಡುಗಿತು ಎಂಬುದು ಆಗ ನನ್ನ ಪುಟ್ಟ ತಲೆಗೆ ಹೊಳೆಯಿತು. ಬಾಯಲ್ಲಿ ಕಡ್ಡಿ ಇತ್ತು, ಇಲ್ಲದಿದ್ದರೆ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆ.

ಹನ್ನೊಂದನೇ ಸಂಜೆ ಅಪ್ಪ ಕಡ್ಡಿ ತೆಗೆದು "ಕಚ್ಚು" ಅಂದಾಗ ನಾನು ದವಡೆಯನ್ನು ಅದರ ಜಾಗಕ್ಕೆ ಬಿಟ್ಟುಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಮರುದಿನ ಎಕ್ಸ್‌ರೇ ಇತ್ತು ಎಂಬುದನ್ನೂ ಹೇಳಬೇಕಾದದ್ದು ನ್ಯಾಯ.

ಅಪ್ಪ ನೋಡಿದರು. ದೀಪ ಹತ್ತಿರ ತಂದು ನೋಡಿದರು. ಆಮೇಲೆ ಬಾಗಿಲು ತೆಗೆದು ಒಳಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ ಕೂತು, ಮಗುವಿನ ಹಾಗೆ ಅತ್ತುಬಿಟ್ಟರು. "ಬಿಟ್ಟುಹೋಯ್ತು ಕಣೇ, ಇವಳಿಗೆ ಬಿಟ್ಟುಹೋಯ್ತು" ಎಂದು ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ಅಪ್ಪನ ತಲೆ ಸವರುತ್ತಾ ನನ್ನನ್ನೇ ನೋಡುತ್ತಿದ್ದಳು. ಅಮ್ಮನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ತಿನ್ನಿಸುವವಳಿಗೆ ಗೊತ್ತಾಗದೇ ಇರುತ್ತದೆಯೇ? ಅಪ್ಪ ಇಲ್ಲದಾಗ ನಾನು ಸರಿಯಾಗಿ ಅಗಿಯುತ್ತಿದ್ದೆ, ಚಪ್ಪಲಿ ಸದ್ದು ಕೇಳಿದರೆ ದವಡೆ ಮುಂದೆ ಬರುತ್ತಿತ್ತು. ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳು. ಯಾಕೆ? ಆ ಹನ್ನೊಂದು ದಿನವೂ ಅಪ್ಪ ಏಳು ಗಂಟೆಗೆ ನಮ್ಮ ಜೊತೆ ಊಟಕ್ಕೆ ಕೂತಿದ್ದರು. ಹನ್ನೆರಡನೇ ದಿನ ಎಕ್ಸ್‌ರೇ ರದ್ದಾಯಿತು, ಸರಿಹೋದದ್ದಕ್ಕೆ ಚಿತ್ರ ಯಾಕೆ ಎಂದರು ಅಪ್ಪ. ಕ್ಲಿನಿಕ್ಕಿನ ಬೋರ್ಡು ಮತ್ತೆ 'ತೆರೆದಿದೆ' ಕಡೆಗೆ ತಿರುಗಿತು. ಅಪ್ಪನಿಲ್ಲದೆ ನಾವು ನಾವೇ ಊಟಕ್ಕೆ ಕೂತೆವು. ಅಮ್ಮ ಬಡಿಸುತ್ತಾ, "ಇನ್ನೊಂದು ವಾರ ಎಳೀಬಹುದಿತ್ತಲ್ಲೇ" ಅಂದಳು.

ನಗಬೇಡಿ. ಸರಿ, ನಗಿ. ಅಮ್ಮನೂ ನಗುತ್ತಿದ್ದಾಳೆ, ಪುಸ್ತಿಕೆ ಅಲುಗಾಡುತ್ತಿದೆ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಹದಿನೈದಕ್ಕೆ ಒಮ್ಮೆ ಬಾಯಿ ತೆರೆದೆ. ಆ ಹೊತ್ತಿಗೆ ನಾನು ಸ್ಲೈಡ್ ಆಗಿ, ದೊಡ್ಡ ದೊಡ್ಡ ಸಮ್ಮೇಳನಗಳ ಗೋಡೆಯ ಮೇಲೆ ಆಳೆತ್ತರ ಬಿದ್ದಾಗಿತ್ತು. ನನ್ನ ಮದುವೆಯ ಹಿಂದಿನ ದಿನ ಮತ್ತೆ ಬಾಯಿ ತೆರೆದೆ. ಅಪ್ಪ ಆಗಲೇ ನನ್ನ ಗಂಡನಾಗುವವರನ್ನು ಕರೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿ ವಿವರಿಸುತ್ತಿದ್ದರು. ಅವರು ಪಾಪ, ಮದುವೆಗೆ ಮುಂಚೆಯೇ ನನ್ನ ಹಾಲುಹಲ್ಲುಗಳವರೆಗೂ ನೋಡಿ ಒಪ್ಪಿದವರು. ನೂರಾರು ಮಕ್ಕಳ ಮುಖ ತಿದ್ದಿದ ಅಪ್ಪನಿಗೆ ನನ್ನ ದವಡೆಯೇ ದೊಡ್ಡ ಗೆಲುವು. ತಮಗೆ ಯಾರೂ ಮಾಡದಿದ್ದದ್ದನ್ನು ತಮ್ಮ ಮಗಳಿಗೆ ಮಾಡಿದೆ ಎಂಬ ಗೆಲುವು. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ಬಾಯಿ ಮುಚ್ಚಿಕೊಂಡಿದ್ದೆ. ಇವತ್ತಿಗೂ ಮುಚ್ಚಿಕೊಂಡೇ ಇರುತ್ತಿದ್ದೆ.

ಆದರೆ ಎರಡು ತಿಂಗಳ ಹಿಂದೆ ನಾನು ಜಂಬ ಮಾಡಿದೆ. ಪುಸ್ತಿಕೆಯ ಕರಡು ಪ್ರತಿಯನ್ನು ಶಾಲೆಗೆ ಒಯ್ದು, ನಮ್ಮಪ್ಪನ ಪುಸ್ತಕ, ನೋಡಿ ಇದು ನನ್ನ ಹಲ್ಲು ಎಂದು ಎಲ್ಲರಿಗೂ ತೋರಿಸಿದೆ. ನನ್ನ ತರಗತಿಯಲ್ಲಿ ಎಂಟು ವರ್ಷದ ಒಬ್ಬಳು ಹುಡುಗಿಯಿದ್ದಾಳೆ. ಅವಳದು ನಿಜವಾದ ಉಲ್ಟಾ ಕಚ್ಚು. ಬ್ರೆಡ್ಡನ್ನು ಮುಂದಿನ ಹಲ್ಲಿನಿಂದ ಕಚ್ಚಲಾಗದೆ ಪಕ್ಕದ ಹಲ್ಲಿನಿಂದ ಹರಿದು ತಿನ್ನುತ್ತಾಳೆ. ಇದೇ ಆಸ್ಪತ್ರೆಯ ಕಿರಿಯ ಡಾಕ್ಟರು ಅವಳನ್ನು ನೋಡಿ, ಬಾಯೊಳಗೆ ಒಂದು ಪ್ಲೇಟು, ಹಣೆಗೂ ಗದ್ದಕ್ಕೂ ಆನಿಸಿ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಒಂದು ಪಟ್ಟಿ, ಸುಮಾರು ಒಂದು ವರ್ಷ ಹಾಕಬೇಕು, ಈಗಲೇ ಶುರು ಮಾಡಬೇಕು ಎಂದಿದ್ದರು. ಅವಳ ತಾಯಿ ಒಪ್ಪಿದ್ದರು. ಐದನೇ ಪುಟ ನೋಡಿದ ಮೇಲೆ ಅವರು ನನ್ನ ಹತ್ತಿರ ಬಂದರು. "ಟೀಚರ್, ನಿಮ್ದು ಹನ್ನೊಂದೇ ದಿನಕ್ಕೆ ಸರಿಹೋಯ್ತಂತಲ್ಲ! ಮತ್ತೆ ಮಗು ಮುಖಕ್ಕೆ ಪಟ್ಟಿ ಗಿಟ್ಟಿ ಎಲ್ಲ ಯಾಕೆ? ನಾನೂ ಕಡ್ಡಿ ತಂದಿದೀನಿ."

ಆಗ ನಾನು ಏನು ಹೇಳಿದೆ? "ಡಾಕ್ಟರನ್ನ ಒಂದು ಸಲ ಕೇಳಿ" ಎಂದು ಗೊಣಗಿದೆ. ಅಷ್ಟೇ. ಹೇಡಿ ನಾನು.

ಹೋದ ವಾರ ಆ ಹುಡುಗಿ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಂದಿನ ವಸಡು ಕೆಂಪಗೆ ಊದಿಕೊಂಡಿತ್ತು. "ಟೀಚರ್, ನಿಮಗೆ ಹನ್ನೊಂದು ದಿನ ಸಾಕಾಯ್ತು. ನಂಗೆ ನಲವತ್ತು ದಿನ ಆಯ್ತು. ನಾನು ಸರಿಯಾಗಿ ಕಚ್ತಾ ಇಲ್ವಾ?" ಎಂದು ಕೇಳಿದಳು.

ಸಭಿಕರೇ, ಇಲ್ಲಿಯವರೆಗೆ ನಾನು ನಿಮ್ಮನ್ನು ನಗಿಸಲು ಪ್ರಯತ್ನಿಸಿದೆ. ಈ ಮಾತಿಗೆ ನನಗೆ ನಗು ಬರುವುದಿಲ್ಲ. ಅವಳು ಸರಿಯಾಗಿಯೇ ಕಚ್ಚುತ್ತಿದ್ದಳು. ತಪ್ಪಾಗಿ ಕಚ್ಚಿದ್ದು ನಾನು. ಇನ್ನೆರಡು ವರ್ಷ ಹೀಗೇ ಕಡ್ಡಿ ಕಚ್ಚಿಕೊಂಡು ಕೂತರೆ ಅವಳ ಮೂಳೆ ಬಲಿಯುತ್ತದೆ. ಹಾಗೆ ಬಲಿತ ದವಡೆ ಹೊತ್ತು ಬದುಕುವುದು ಹೇಗಿರುತ್ತದೆ ಎಂದು ನನಗೆ ಏಳು ವರ್ಷಕ್ಕೇ ಒಬ್ಬರು ಎದುರಿಗೆ ಕೂತು ಹೇಳಿದ್ದರು. ನಾಳೆ ಈ ಐದನೇ ಪುಟ ಇನ್ನೆಷ್ಟು ಮನೆಗಳಿಗೆ ಹೋಗುತ್ತದೆ? ಒಂದೆರಡು ಹಲ್ಲು ಮಾತ್ರ ಉಲ್ಟಾ ಸಿಕ್ಕಿಕೊಂಡಿದ್ದರೆ, ಡಾಕ್ಟರು ನೋಡಿ ಹೇಳಿದರೆ, ಕಡ್ಡಿಯಿಂದ ಉಪಯೋಗವಾಗಬಹುದು. ದವಡೆಯೇ ಮುಂದೆ ಬಂದಿದ್ದರೆ ಆಗುವುದಿಲ್ಲ. ಇದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮಗಳ ವಿಷಯಕ್ಕೆ ಬಂದಾಗ ಅಪ್ಪನ ಶಾಸ್ತ್ರ ಸ್ವಲ್ಪ ಸಡಿಲವಾಯಿತು. ಆ ತಾಯಿ ಇವತ್ತು ಸಭೆಯಲ್ಲಿದ್ದಾರೆ. ನಾನೇ ಕೈಮುಗಿದು ಕರೆದೆ. ಎಲ್ಲಿ ಕೂತಿದ್ದಾರೆ ಎಂದು ಹೇಳುವುದಿಲ್ಲ, ನೀವೂ ತಿರುಗಿ ಹುಡುಕಬೇಡಿ. ಅವರು ಮಾಡಿದ ತಪ್ಪು ಒಂದೇ, ಮಗುವಿನ ಟೀಚರನ್ನು ನಂಬಿದ್ದು. ತಾಯೀ, ದಯವಿಟ್ಟು ಮಗಳನ್ನು ನಾಳೆ ಬೆಳಗ್ಗೆಯೇ ಆ ಕಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನೂ ಜೊತೆಗೆ ಬರುತ್ತೇನೆ.

ನನ್ನ ಮಾತನ್ನು ನಂಬದವರಿಗೆ ಸಾಕ್ಷಿ ಬೇಕಲ್ಲ. ಅಧ್ಯಕ್ಷರ ಅಪ್ಪಣೆಯಿಂದ ಈ ಗಾಜಿನ ಪೆಟ್ಟಿಗೆ ತೆರೆಯುತ್ತೇನೆ. ಬೋರ್ಡು ಹಾಕಿದವರ ಕ್ಷಮೆ ಇರಲಿ. ಇಗೋ, ಇಪ್ಪತ್ತೇಳು. ಕಟ್ಟು ಬಿಚ್ಚಿದೆ. ನಡುವಿನ ಮೇಣ ತೆಗೆದೆ. ಇದು ಮೇಲಿನದು, ಇದು ಕೆಳಗಿನದು. ನಿಜವಾದ ಉಲ್ಟಾ ದವಡೆಯಾಗಿದ್ದರೆ ಈ ಎರಡನ್ನು ಹೇಗೆ ತಿರುಗಿಸಿದರೂ ಸರಿಯಾಗಿ ಕೂರಬಾರದು. ಈಗ ಕೆಳಗಿನದನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತೇನೆ. ಟಕ್ ಎಂದು ಕೂತದ್ದು ಕೇಳಿಸಿತೇ? ಮೈಕಿನ ಹತ್ತಿರ ಇನ್ನೊಮ್ಮೆ ಮಾಡುತ್ತೇನೆ. ಒಂದೊಂದು ಹಲ್ಲೂ ತನ್ನ ಜಾಗದಲ್ಲಿ ಕೂತಿದೆ. ಮೂವತ್ತೆರಡು ವರ್ಷ ವಿದ್ಯಾರ್ಥಿಗಳು ಗಾಜಿನ ಆಚೆಯಿಂದ ನೋಡಿದರು, ಯಾರೂ ಒಮ್ಮೆ ಕೈಯಲ್ಲಿ ಹಿಡಿದು ನೋಡಲಿಲ್ಲ.

ಅಪ್ಪ, ಇದನ್ನು ಮನೆಯಲ್ಲಿ ಹೇಳಬಹುದಿತ್ತು. ಹೇಳಲು ನಿನ್ನೆಯೂ ಬಂದಿದ್ದೆ. ನೀವು ಐದನೇ ಪುಟವನ್ನೇ ತೆರೆದಿಟ್ಟುಕೊಂಡು ಕೂತಿದ್ದಿರಿ. ನನಗೆ ಧೈರ್ಯ ಸಾಲಲಿಲ್ಲ. ಇಷ್ಟು ಜನ ಎದುರಿಗಿದ್ದರೆ ಓಡಿಹೋಗಲು ಆಗುವುದಿಲ್ಲ ಎಂದು ಇಲ್ಲಿ ನಿಂತೆ. ನಿಮ್ಮ ಗೆಲುವನ್ನು ನಿಮ್ಮ ಸನ್ಮಾನದ ದಿನವೇ ಕಿತ್ತುಕೊಂಡೆ. ತಪ್ಪಾಯಿತು.

ಅಪ್ಪ ಎದ್ದಿದ್ದಾರೆ. ಇಲ್ಲಿಗೇ ಬರುತ್ತಿದ್ದಾರೆ. ಸಭಿಕರೇ, ಒಂದು ನಿಮಿಷ ಕ್ಷಮಿಸಬೇಕು.

...

ಕ್ಷಮಿಸಿ. ಅಪ್ಪ ಹೇಳಿದ್ದು ಮೈಕಿಗೆ ಕೇಳಿಸಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅಪ್ಪ ಎರಡೂ ಅಚ್ಚುಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೂರು ಸಲ ಕೂರಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪುಸ್ತಿಕೆಯ ಮಾತೆತ್ತಲಿಲ್ಲ, ಸಮ್ಮೇಳನಗಳ ಮಾತೆತ್ತಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಹಾಗಾದ್ರೆ ನಂದು ನಿಂಗೆ ಬಂದೇ ಇರ್ಲಿಲ್ವಾ?" ಎಂದು ಕೇಳಿದರು.

ಇಲ್ಲಪ್ಪ ಅಂದೆ.

"ಬಂದೇ ಇರ್ಲಿಲ್ವಾ?" ಎಂದು ಇನ್ನೊಮ್ಮೆ ಕೇಳಿದರು. ಬಂದೇ ಇರಲಿಲ್ಲಪ್ಪ ಅಂದೆ. ಮೂವತ್ತೆರಡು ವರ್ಷ ನಾನು ಅಪ್ಪನ ಗೆಲುವನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾಯ್ದದ್ದು ಅವರ ಭಯವನ್ನು. ನೀವೇ ನೋಡಿ, ಹೇಗೆ ನಗುತ್ತಿದ್ದಾರೆ. ಗಡ್ಡದ ಕೆಳಗಿನ ದವಡೆ ಪೂರ್ತಿ ಕಾಣುತ್ತಿದೆ, ಅವರಿಗೆ ಅದರ ಪರಿವೆಯೇ ಇಲ್ಲ. ಈಗ ಅಧ್ಯಕ್ಷರ ಜೇಬಿನಿಂದ ಪೆನ್ನು ತೆಗೆದುಕೊಂಡು ಐದನೇ ಪುಟಕ್ಕೆ ಗೀಟು ಹಾಕುತ್ತಿದ್ದಾರೆ.

ಸ್ವಯಂಸೇವಕರು ಕತ್ತರಿ ಮತ್ತೆ ಎತ್ತಿಕೊಳ್ಳಬಹುದು. ಪ್ರತಿ ಪುಸ್ತಿಕೆಯಿಂದಲೂ ಆ ಒಂದು ಹಾಳೆ ಕತ್ತರಿಸಲು ಕೈ ಜೋಡಿಸುವವರು ಸಭೆ ಮುಗಿದ ಮೇಲೆ ಹಿಂದಿನ ಮೇಜಿನ ಹತ್ತಿರ ಬನ್ನಿ. ನಾನು ಇರುತ್ತೇನೆ, ಅಮ್ಮನೂ ಇರುತ್ತಾಳೆ, ಅವಳಿಗೂ ಸ್ವಲ್ಪ ಶಿಕ್ಷೆಯಾಗಲಿ. ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ನಾನು ಓದದೇ ಉಳಿದ ಚೀಟಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟ ನಿರೂಪಕರಿಗೆ, ಮತ್ತು ತಮ್ಮ ತಮ್ಮ ದವಡೆಯನ್ನು ಇನ್ನೂ ಸರಿಯಾದ ಜಾಗಕ್ಕೆ ತಂದುಕೊಳ್ಳದೆ ಕೂತಿರುವ ಸಭಿಕರಿಗೆ ನನ್ನ ಕೃತಜ್ಞತೆಗಳು. ಅಪ್ಪ ಮೈಕು ಕೇಳುತ್ತಿದ್ದಾರೆ. ಅವರದು ಐದು ನಿಮಿಷವಲ್ಲ, ಮನೆಗೆ ಬೇಗ ಹೋಗಬೇಕಾದವರು ಈಗಲೇ ಎದ್ದರೆ ಒಳ್ಳೆಯದು. ನಾನಂತೂ ಕೂತು ಪೂರ್ತಿ ಕೇಳುತ್ತೇನೆ.

ನಮಸ್ಕಾರ.